ಗೂಟದ ಮೇಲಣ ಕೋಟು

ಈ ವಾರ ನನ್ನ ನೆಮ್ಮದಿಯನ್ನು ಕೆಡಿಸಿದ್ದು ಒಂದು ಭಾಷಣ, ಅದಕ್ಕಿಂತ ಹೆಚ್ಚಾಗಿ ಆ ಭಾಷಣಕ್ಕೆ ದೊರೆತ ಕರತಾಡನ. 2025ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನವು ಅಂಗೀಕರಿಸಿದ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ವಿಧೇಯಕವನ್ನು ಕುರಿತು ಏರ್ಪಟ್ಟಿದ್ದ ಸಭೆಯೊಂದರಲ್ಲಿ, ಪೊಲೀಸ್ ಇಲಾಖೆಯ ಉನ್ನತ ಪದವಿಯಿಂದ ನಿವೃತ್ತರಾದ ಹಿರಿಯರೊಬ್ಬರು ಎದ್ದುನಿಂತು, ಜಾತಿ ಧರ್ಮ ಭಾಷೆಗಳ ಕಾರಣದಿಂದ ದ್ವೇಷಕ್ಕೆ ಗುರಿಯಾಗುವವರ ಸಾಲಿಗೆ ಪೊಲೀಸರನ್ನೂ ಸೇರಿಸತಕ್ಕದ್ದೆಂದೂ, ಅಮೆರಿಕದ ಲೂಯಿಸಿಯಾನ ಸಂಸ್ಥಾನವು ಈ ಕಾರ್ಯವನ್ನು ಎಂದೋ ಮಾಡಿ ಮುಗಿಸಿದೆಯೆಂದೂ ಸಾರಿದರು. ವಿಧೇಯಕದ ಗುಣದೋಷಗಳನ್ನು ವಾಚಕರು ಸಾಕಷ್ಟು ಓದಿದ್ದಾರೆ. ಅದು ಇಲ್ಲಿ ಬೇಡ. ಲೂಯಿಸಿಯಾನದ ಮಾತು ಮಾತ್ರ ಬಿಡುವಂಥದಲ್ಲ.

2014ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಾರಿನೊಳಗೆ ಕುಳಿತಿದ್ದ ಇಬ್ಬರು ಪೊಲೀಸರನ್ನು ಒಬ್ಬನು ಗುಂಡಿಕ್ಕಿ ಕೊಂದನು. ದೇಶವೆಲ್ಲ ಮರುಗಿತು, ಆ ದುಃಖದಲ್ಲಿ ಕೃತ್ರಿಮವೇನೂ ಇರಲಿಲ್ಲ. ಕಾನೂನು ಮಾಡುವವರು ಆ ದುಃಖವನ್ನು ಹಿಡಿದುಕೊಂಡರು. 2016ರ ಮೇ 26ರಂದು, ಶೆರಿಫರ ಮನೆತನದಲ್ಲಿ ಹುಟ್ಟಿ ಬೆಳೆದ ಗವರ್ನರ್ ಜಾನ್ ಬೆಲ್ ಎಡ್ವರ್ಡ್ಸ್ ಅವರ ಸಹಿಯೊಡನೆ, ಲೂಯಿಸಿಯಾನವು ಪೊಲೀಸರನ್ನೂ ಅಗ್ನಿಶಾಮಕ ಸಿಬ್ಬಂದಿಯನ್ನೂ ದ್ವೇಷಾಪರಾಧದ ಕಾನೂನಿನೊಳಗೆ ತಂದ ಮೊತ್ತಮೊದಲ ಸಂಸ್ಥಾನವಾಯಿತು. ಗುರುತರವಾದ ಅಪರಾಧವಾಗಿದ್ದರೆ ಮೂಲ ಶಿಕ್ಷೆಯ ಮೇಲೆ ಐದು ವರ್ಷಗಳವರೆಗೆ ಹೆಚ್ಚುವರಿ ಸೆರೆವಾಸ. ಮರುವರ್ಷ ಕೆಂಟಕಿ, ಮಿಸ್ಸಿಸ್ಸಿಪ್ಪಿಗಳು ಅದೇ ದಾರಿಯನ್ನು ಹಿಡಿದವು.

ಈ ಹೆಚ್ಚುವರಿ ಐದು ವರ್ಷಗಳಿಂದ ಆದ ಲಾಭವೇನು? ಪೊಲೀಸನನ್ನು ಉದ್ದೇಶಪೂರ್ವಕವಾಗಿ ಕೊಂದವನಿಗೆ ಲೂಯಿಸಿಯಾನದಲ್ಲಿ ಅದಕ್ಕೆ ಮೊದಲೇ ಮರಣದಂಡನೆಯವರೆಗೆ ಶಿಕ್ಷೆಯಿತ್ತು. ಗಲ್ಲಿನ ಭಯವೇ ತಡೆಯಲಾರದ ಕೈಯನ್ನು ಐದು ವರ್ಷದ ಸೆರೆಯ ಭಯ ತಡೆಯುವುದುಂಟೆ? ನಮ್ಮಲ್ಲಿಯೂ ಸ್ಥಿತಿ ಭಿನ್ನವಲ್ಲ: ಕರ್ತವ್ಯನಿರತನಾದ ಸರ್ಕಾರಿ ನೌಕರನ ಮೇಲೆ ಹಲ್ಲೆ ಮಾಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 132ನೆಯ ಕಲಮು ಎರಡು ವರ್ಷಗಳವರೆಗೆ, ಗಾಯಗೊಳಿಸಿದವನಿಗೆ 121ನೆಯ ಕಲಮು ಐದು ವರ್ಷಗಳವರೆಗೆ, ಗಾಯವು ತೀವ್ರವಾಗಿದ್ದರೆ ಹತ್ತು ವರ್ಷಗಳವರೆಗೆ ಸೆರೆಯನ್ನು ವಿಧಿಸುತ್ತವೆ. ಪೊಲೀಸನ ಬೆನ್ನಿಗೆ ಪ್ರಭುತ್ವವು ಸದಾ ನಿಂತಿರುತ್ತದೆ.

ದ್ವೇಷಾಪರಾಧದ ಕಾನೂನು ಹುಟ್ಟಿದ್ದು ಹಾಗೆ ಯಾರೂ ಬೆನ್ನಿಗೆ ನಿಲ್ಲದಿದ್ದ ಜನರಿಗಾಗಿ. 1998ರಲ್ಲಿ ಟೆಕ್ಸಸ್ಸಿನ ಜಾಸ್ಪರ್ ಎಂಬ ಊರಿನಲ್ಲಿ ಜೇಮ್ಸ್ ಬರ್ಡ್ ಎಂಬ ಕಪ್ಪು ಮನುಷ್ಯನನ್ನು ಮೂವರು ಬಿಳಿಯರು ವಾಹನಕ್ಕೆ ಸರಪಳಿಯಿಂದ ಬಿಗಿದು ರಸ್ತೆಯುದ್ದಕ್ಕೂ ಎಳೆದು ಕೊಂದರು. ಸತ್ತವನು ಒಬ್ಬನಾದರೂ, ಆ ರಾತ್ರಿ ಊರಿನ ಪ್ರತಿಯೊಂದು ಕಪ್ಪು ಕುಟುಂಬದ ಬಾಗಿಲಿಗೂ ಬೆದರಿಕೆಯ ಓಲೆಯೊಂದು ತಲುಪಿತು. ಬರ್ಡನ ಹೆಸರನ್ನೂ, ಅದೇ ವರ್ಷ ವಯೋಮಿಂಗ್‌ನಲ್ಲಿ ಹತನಾದ ಮ್ಯಾಥ್ಯೂ ಶೆಪರ್ಡ್ ಎಂಬ ಸಲಿಂಗಕಾಮಿ ವಿದ್ಯಾರ್ಥಿಯ ಹೆಸರನ್ನೂ ಹೊತ್ತ ಒಕ್ಕೂಟದ ಕಾನೂನು ಬರಲು 2009ರವರೆಗೆ ಕಾಯಬೇಕಾಯಿತು. ಇದು ಒಂದು ವರ್ಣದವರಿಗೆ ಕೊಟ್ಟ ವಿಶೇಷ ದಾನವೆನ್ನುವವರು ವಿಸ್ಕಾನ್ಸಿನ್ ಮೊಕದ್ದಮೆಯನ್ನು ನೆನೆಯಬೇಕು: ಕಪ್ಪು ಯುವಕರ ಗುಂಪೊಂದು ಹದಿನಾಲ್ಕು ವರ್ಷದ ಬಿಳಿಯ ಬಾಲಕನನ್ನು, ಅವನು ಬಿಳಿಯನೆಂಬ ಒಂದೇ ಕಾರಣದಿಂದ ಹೊಡೆದು ಕೆಡಹಿದಾಗ, ಅಧಿಕ ಶಿಕ್ಷೆಯು ಸಿಂಧುವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಏಕಮತದಿಂದ ಎತ್ತಿಹಿಡಿಯಿತು. ಇಂಥ ಕಾನೂನಿಗೆ ಮಾದರಿಯ ಕರಡನ್ನು 1981ರಲ್ಲಿಯೇ ಸಿದ್ಧಪಡಿಸಿಕೊಟ್ಟ ಯಹೂದ್ಯರ ಸಂಸ್ಥೆ ಆಂಟಿ ಡಿಫಮೇಷನ್ ಲೀಗ್, ಲೂಯಿಸಿಯಾನದ ತಿದ್ದುಪಡಿಯನ್ನು ಬಹಿರಂಗವಾಗಿ ವಿರೋಧಿಸಿತು. ಹುದ್ದೆಯನ್ನು ಹುಟ್ಟಿನೊಡನೆ ಸೇರಿಸಿದರೆ ಕಾನೂನಿನ ಅರ್ಥವೇ ಕೆಡುವುದೆಂಬುದು ಕಾನೂನನ್ನು ಕಡೆದವರಿಗೆ ತಿಳಿದಿತ್ತು.

ಅರ್ಥ ಕೆಟ್ಟದ್ದು ಕಾಣಿಸಲು ಬಹಳ ಕಾಲ ಬೇಕಾಗಲಿಲ್ಲ. ಕಾನೂನು ಜಾರಿಗೆ ಬಂದು ತಿಂಗಳೊಂದು ಕಳೆದಿತ್ತೊ ಇಲ್ಲವೊ, ನ್ಯೂ ಆರ್ಲಿಯನ್ಸ್ ನಗರದ ಹೋಟೆಲೊಂದರ ಕಿಟಕಿಯನ್ನು ಕುಡಿದ ಅಮಲಿನಲ್ಲಿ ಬಡಿಯುತ್ತಿದ್ದವನೊಬ್ಬನು ತನ್ನನ್ನು ಹಿಡಿದ ಪೊಲೀಸರನ್ನು ಹೀನಾಯವಾಗಿ ಬೈದುದಕ್ಕೆ ಅವನ ಮೇಲೆ ದ್ವೇಷಾಪರಾಧದ ಆಪಾದನೆಯನ್ನೂ ಹೊರಿಸಲಾಯಿತು. ಬಂಧನಕ್ಕೆ ಪ್ರತಿರೋಧ ತೋರುವುದೂ ದ್ವೇಷಾಪರಾಧವಾಗಬಹುದೆಂದು ಅದೇ ಸಂಸ್ಥಾನದ ಸಣ್ಣ ಊರಾದ ಸೇಂಟ್ ಮಾರ್ಟಿನ್‌ವಿಲ್‌ನ ಪೊಲೀಸ್ ಮುಖ್ಯಸ್ಥನು ಹೇಳಿದನು. ದುರ್ಬಲನ ಕೈಗೆಂದು ಮಾಡಿಸಿದ ಊರುಗೋಲು ಬಲಾಢ್ಯನ ಕೈಯ ಲಾಠಿಯಾದ ಬಗೆ ಇದು.

ನಾನು ಬಾಲಕನಾಗಿದ್ದಾಗ ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ದಫೇದಾರರೊಬ್ಬರಿದ್ದರು. ಒಂದು ಸಂಜೆ ಹೆಂಡದಂಗಡಿಯ ಮುಂದೆ ಕುಡುಕನೊಬ್ಬನು ಅವರ ಕೊರಳಪಟ್ಟಿ ಹಿಡಿದು, ತಾಯಿ ತಂದೆಯರನ್ನೆಲ್ಲ ಎಳೆದು ಬೈದು, ಕೋಟಿನ ಗುಂಡಿಗಳನ್ನು ಕಿತ್ತುಹಾಕಿದನೆಂಬ ಸುದ್ದಿ ಕೇಳಿ, ಶಾಲೆಯ ಉಪಾಧ್ಯಾಯರಾಗಿದ್ದ ನನ್ನ ತಂದೆಯವರು ಸಮಾಧಾನ ಹೇಳುವುದಕ್ಕೆಂದು ನನ್ನನ್ನೂ ಕರೆದುಕೊಂಡು ಹೋದರು. ದಫೇದಾರರು ಅಡಿಗೆಮನೆಯ ಬಾಗಿಲಲ್ಲಿ ಊಟಕ್ಕೆ ಕುಳಿತಿದ್ದರು. “ಬಿಡಿ ಮೇಷ್ಟ್ರೇ, ಅವನು ಬೈದದ್ದು ಕೋಟನ್ನ. ಕೋಟು ಅಗೋ ಗೂಟದ ಮೇಲಿದೆ. ನಾನು ಇಲ್ಲಿ ಊಟಕ್ಕೆ ಕೂತಿದೀನಿ” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿ, “ನನಗೆ ಸಂಕಟ ಆಗಿರೋದು ಬೇರೆ. ಮಗಳಿಗೆ ಮೂರು ದಿನದಿಂದ ಜ್ವರ. ರಜಾ ಕೇಳಿದರೆ, ದಸರಾ ಬಂದೋಬಸ್ತು, ರಜಾ ಎಲ್ಲಿಂದ ತರಲಿ ಅಂತ ಮೇಲಿನವರು ಗದರಿದರು” ಎಂದರು. ಕುಡುಕನ ಬೈಗುಳಕ್ಕೆ ಕಲ್ಲಿನಂತಿದ್ದ ಆ ಕಣ್ಣುಗಳು ಈ ಮಾತಿಗೆ ತುಂಬಿಕೊಂಡವು.

ಗೂಟದ ಮೇಲಣ ಆ ಕೋಟು ನನಗೆ ಮತ್ತೆ ನೆನಪಾದದ್ದು 2016ರ ಜುಲೈನಲ್ಲಿ. ಆ ತಿಂಗಳ 5ರಂದು ಲೂಯಿಸಿಯಾನದ ರಾಜಧಾನಿ ಬ್ಯಾಟನ್ ರೂಜ್‌ನಲ್ಲಿ ಆಲ್ಟನ್ ಸ್ಟರ್ಲಿಂಗ್ ಎಂಬ ಕಪ್ಪು ಮನುಷ್ಯನು ಪೊಲೀಸರ ಗುಂಡಿಗೆ ಬಲಿಯಾದನು. 7ರಂದು ಡಲ್ಲಾಸ್‌ನಲ್ಲಿ ಐವರು ಪೊಲೀಸರು ಹತರಾದರು. 17ರಂದು ಬ್ಯಾಟನ್ ರೂಜ್‌ನಲ್ಲಿಯೇ ಮೂವರು. ಆ ಮೂವರಲ್ಲೊಬ್ಬನು ಹತ್ತು ವರ್ಷ ಸೇವೆ ಸಲ್ಲಿಸಿದ್ದ ಕಪ್ಪು ಯುವಕ. ಸಮವಸ್ತ್ರದಲ್ಲಿದ್ದರೆ ಜನರು ತನ್ನನ್ನು ದ್ವೇಷದಿಂದ ನೋಡುತ್ತಾರೆಂದೂ, ಸಮವಸ್ತ್ರ ಕಳಚಿದರೆ ಕೆಲವರು ತನ್ನನ್ನು ಅಪಾಯವೆಂದು ಭಾವಿಸುತ್ತಾರೆಂದೂ ಅವನು ಸಾಯುವ ಕೆಲವು ದಿನಗಳ ಹಿಂದೆ ಬರೆದುಕೊಂಡಿದ್ದನು. ಅವನ ಒಂದು ಕೋಟಿಗೆ ಮನೆಯಲ್ಲಿ ಗೂಟವಿತ್ತು, ಇನ್ನೊಂದಕ್ಕೆ ಎಲ್ಲಿಯೂ ಗೂಟವಿರಲಿಲ್ಲ. ದ್ವೇಷಾಪರಾಧದ ಕಾನೂನು ಇರುವುದು ಆ ಎರಡನೆಯ ಕೋಟಿಗಾಗಿ. ಮೊದಲನೆಯದಕ್ಕೆ ದಂಡಸಂಹಿತೆಯಿದೆ.

ಪೊಲೀಸನ ಸಂಕಟವು ಸುಳ್ಳೆಂದು ನಾನು ಹೇಳುತ್ತಿಲ್ಲ; ಅದರ ಮೂಲ ಬೇರೆ ಎಡೆಯಲ್ಲಿದೆಯೆಂದು ವರ್ಷಗಳಿಂದ ಈ ಅಂಕಣದಲ್ಲಿ ಬರೆಯುತ್ತ ಬಂದಿದ್ದೇನೆ, ಇನ್ನೂ ಬರೆಯುತ್ತೇನೆ. ಲೂಯಿಸಿಯಾನದಲ್ಲಿ ಆ ಸಹಿ ಬಿದ್ದ ಒಂಬತ್ತನೆಯ ದಿನ, ಎಂದರೆ 2016ರ ಜೂನ್ 4ರಂದು, ಕರ್ನಾಟಕದ ಪೇದೆಗಳು ಸಾಮೂಹಿಕ ರಜೆ ಹಾಕಲು ನಿಶ್ಚಯಿಸಿದ್ದರು. ಅವರು ಕೇಳಿದ್ದು ಸಮಾನ ವೇತನ, ವಾರದ ರಜೆ, ಅಧಿಕಾರಿಗಳ ಮನೆಗೆಲಸ ಮಾಡಿಸುವ ಆರ್ಡರ್ಲಿ ಪದ್ಧತಿಯ ಅಂತ್ಯ. ಪ್ರಭುತ್ವವು ಅವರ ಮೇಲೆ ಎಸ್ಮಾ ಕಾಯ್ದೆಯನ್ನು ಹೂಡಿತು. ಅವರ ಪರವಾಗಿ ನಿಂತ ಸಂಘದ ಅಧ್ಯಕ್ಷನನ್ನು ರಾಜದ್ರೋಹದ ಆಪಾದನೆಯ ಮೇಲೆ ಸೆರೆಹಿಡಿಯಿತು. ಪೇದೆಯು ಮನುಷ್ಯನಂತೆ ಒಂದು ದಿನದ ವಿಶ್ರಾಂತಿ ಕೇಳಿದರೆ ದ್ರೋಹ. ಅವನನ್ನು ಕುಡುಕನೊಬ್ಬನು ಬೈದರೆ ಅದಕ್ಕೊಂದು ಹೊಸ ಕಾನೂನು! ಹೊಸ ಕಾನೂನಿಗೆ ಬೊಕ್ಕಸದಿಂದ ಕಾಸು ತೆರಬೇಕಾಗಿಲ್ಲ. ವಾರದ ರಜೆಗೆ ಇನ್ನಷ್ಟು ಪೇದೆಗಳನ್ನು ನೇಮಿಸಿ ಸಂಬಳ ತೆರಬೇಕು.

ಆ ಸಭೆಯಲ್ಲಿ ಭಾಷಣ ಮಾಡಿದ ಹಿರಿಯರಿಗೆ ನನ್ನ ವಿಜ್ಞಾಪನೆ ಇಷ್ಟೇ. ದಲಿತನಿಗೂ ಅಲ್ಪಸಂಖ್ಯಾತನಿಗೂ ಈಗ ತಾನೆ ಕೈಗೆಟುಕುತ್ತಿರುವ ಕೊಡೆಯ ಕೆಳಗೆ ಲಾಠಿ ಹಿಡಿದವರನ್ನು ನುಗ್ಗಿಸಬೇಡಿ. ಪೊಲೀಸನಿಗೆ ಗೌರವ ಸಲ್ಲಬೇಕೆಂಬ ಕಳಕಳಿ ನಿಜವಾಗಿದ್ದರೆ, ಮಗಳ ಜ್ವರದ ದಿನ ಅವನಿಗೆ ರಜೆ ಕೊಡಿಸಿ. ಅಧಿಕಾರದಲ್ಲಿದ್ದಾಗ ಆ ರಜೆಯ ಅರ್ಜಿಯ ಮೇಲೆ ‘ಇಲ್ಲ’ ಎಂದು ಬರೆದ ಕೈಗಳು ಈಗ ಅವನ ಹೆಸರಿನಲ್ಲಿ ಚಪ್ಪಾಳೆ ತಟ್ಟುವುದು ನಿಲ್ಲಲಿ.