ಗಡಿಯಾರ ಯಾರ ಕೈಗೆ?

ನಗರ ನಮ್ಮ ಮನಸ್ಸಿಗೆ ಏನು ಮಾಡುತ್ತದೆಂದು ತಿಳಿಯಲು ಈಗ ಜನರ ಕೈಗೆ ಗಡಿಯಾರ ಕಟ್ಟಿ ನೋಡುತ್ತಾರೆ. ಅದು ನಾಡಿ ಎಣಿಸುತ್ತದೆ, ನಿದ್ದೆ ಅಳೆಯುತ್ತದೆ. ಆ ಹೊತ್ತಿಗೆ ನಾವು ಎಲ್ಲಿದ್ದೆವೆಂದು ಫೋನು ಹೇಳುತ್ತದೆ. ಯಾವ ಬೀದಿಯಲ್ಲಿ ಎದೆ ಹೊಡೆದುಕೊಂಡಿತು, ಯಾವ ಮರದಡಿ ಹಗುರಾಯಿತು ಎಂದು ಲೆಕ್ಕ ಹಾಕುತ್ತಾರೆ. ಹಾಕಲಿ, ಬೇಕಾದ್ದೇ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಾನಸಿಕ ತೊಂದರೆಯುಳ್ಳವರು ಹಳ್ಳಿಗಳಲ್ಲಿ ನೂರಕ್ಕೆ ಸುಮಾರು 10 ಜನ, ಮಹಾನಗರಗಳಲ್ಲಿ ಸುಮಾರು 15.

ಆದರೆ ಕಟ್ಟುವುದು ಯಾರ ಕೈಗೆ? ಅಂಗಡಿಯಲ್ಲಿ ಕೊಂಡು ಮೆರೆಯಬಲ್ಲವರ ಕೈಗಷ್ಟೇ ಏನು? 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್, ಬಂಗಾರಪೇಟೆ, ನಮ್ಮ ಬೇತಮಂಗಲದ ಕಡೆಯವರಿಗೆಲ್ಲ ಬೆಂಗಳೂರೇ ಗಣಿ. ನನ್ನ ಹಳೆಯ ವಿದ್ಯಾರ್ಥಿನಿಯರು ಕೋಳಿ ಕೂಗುವ ಮೊದಲೇ ಬುತ್ತಿ ಕಟ್ಟಿ ರೈಲು ಹಿಡಿಯುತ್ತಾರೆ. ಮನೆ ಸೇರುವಾಗ ಮಕ್ಕಳು ಮಲಗಿರುತ್ತವೆ. "ದಾರೀಲಿ ಪಾಯಿಖಾನೆ ಗೋಳು ಯಾಕೆ ಅಂತ ಬೆಳಿಗ್ಗೆ ನೀರೇ ಕುಡಿಯಲ್ಲ ಮಿಸ್" ಎಂದಳು ಒಬ್ಬಳು. ಇದನ್ನು ಯಾವ ಗಡಿಯಾರ ಬರೆದುಕೊಳ್ಳುತ್ತದೆ? ನಾಡಿ ಏರಿತು ಎನ್ನುತ್ತದೆ, ಅಷ್ಟೇ. ಆಮೇಲೆ 'ದೀರ್ಘವಾಗಿ ಉಸಿರಾಡಿ' ಎಂಬ ಬುದ್ಧಿವಾದ ಬೇರೆ! ಕಾಲೂರಲು ಜಾಗವಿಲ್ಲದ ಬೋಗಿಯಲ್ಲೇ?

ಅವಳಿಗೂ ಕಟ್ಟಿ. ಜೊತೆಗೆ ಅವಳ ಭಾಷೆಯಲ್ಲಿ, ಕನ್ನಡವೋ ತಮಿಳೋ ತೆಲುಗೋ, ಕಾರಣವನ್ನೂ ಕೇಳಿ. ಅವಳ ನಿದ್ದೆಯ ಲೆಕ್ಕ ಮಾತ್ರ ಕಾರ್ಖಾನೆಯ ಸೂಪರ್‌ವೈಸರ್ ಕಣ್ಣಿಗೆ ಬೀಳಕೂಡದು; ಬಿದ್ದರೆ ಕೆಲಸಕ್ಕೇ ಕುತ್ತು. ಹೆಸರು ತೆಗೆದು ಆ ಅಂಕಿಗಳನ್ನು ರೈಲ್ವೆಯವರ, ಪಾಲಿಕೆಯವರ ಮೇಜಿಗೆ ಕಳಿಸಿ. ಬೋಗಿ ಹೆಚ್ಚಿಸುವವರು, ಪಾಯಿಖಾನೆ ತೊಳೆಸುವವರು ಅವರು.