ಹೆಂಡತಿ ಹೆಸರಿನ ಸಾಲ ಯಾರದು?



ಪುಣಜನೂರಿನ ಸುತ್ತಮುತ್ತ ಯಾವ ಜಗಲಿಯಲ್ಲಿ ಕೇಳಿದರೂ ಒಂದೇ ಮಾತು: "ಅದು ಹೆಂಗಸರ ಸಂಘದ ಸಾಲ ಕಣಣ್ಣ, ನಂಗೇನು ಗೊತ್ತು?" ನಿಮಗೆ ಗೊತ್ತಿಲ್ಲವೇ? ಬೋರು ಕೊರೆಸಿದ್ದು ಯಾವ ದುಡ್ಡಿನಲ್ಲಿ? ಅರಿಶಿನದ ಬಿತ್ತನೆ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಯಾವ ದುಡ್ಡಿನಲ್ಲಿ? ಸೊಸೈಟಿಯಲ್ಲಿ ಹಳೇ ಬಾಕಿ ತೋರಿಸಿದರು. ಬ್ಯಾಂಕಿನಲ್ಲಿ, ಪಹಣಿ ಇನ್ನೂ ನಿಮ್ಮಪ್ಪನ ಹೆಸರಿನಲ್ಲಿದೆ ಎಂದು ವಾಪಸು ಕಳಿಸಿದರು. ಆಗ ಮನೆಯಾಕೆಯ ಆಧಾರ್ ಕಾರ್ಡು ನೆನಪಾಯಿತು. ಸಹಿ ಅವರದು, ಸಾಲ ಹೊಲದ್ದು. ಕಂತಿನ ದಿನ ಮಾತ್ರ ನಾವು ಬೆಳಿಗ್ಗೆಯೇ ಹೊಲದ ಕಡೆ ಹೊರಟುಬಿಡುತ್ತೇವೆ.

1980ರ ದಶಕದಲ್ಲಿ ಬ್ಯಾಂಕಿನವರು ಜಪ್ತಿ ಮಾಡಿದರೆ ರೈತ ಸಂಘ ಹೋಗಿ ಮರುಜಪ್ತಿ ಮಾಡಿ ಸಾಮಾನು ವಾಪಸು ತರುತ್ತಿತ್ತು. ಎದುರಿಗೆ ಒಬ್ಬ ಅಧಿಕಾರಿ, ಅವನ ಕೈಯಲ್ಲೊಂದು ಆದೇಶ. ಯಾರ ಎದುರು ನಿಲ್ಲಬೇಕು ಎಂಬುದು ಗೊತ್ತಿತ್ತು. ಈಗ ಬಾಗಿಲಲ್ಲಿ ನಿಂತು ಕೂಗುವವರು ಪಕ್ಕದ ಮನೆಯ ಅಕ್ಕ. ಗುಂಪು ಜಾಮೀನು ಎಂದರೆ ಅದೇ, ಒಬ್ಬರು ಕಟ್ಟದಿದ್ದರೆ ಉಳಿದವರು ತುಂಬಬೇಕು. ಕಂಪನಿಯವನು ಬೈಕಿನ ಮೇಲೆ ಕೂತೇ ಇರುತ್ತಾನೆ. ನಮ್ಮವರ ಮೇಲೆ ನಮ್ಮವರನ್ನೇ ಬಿಟ್ಟು ವಸೂಲಿ ನಡೆಯುತ್ತದೆ. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹೆಗ್ಗವಾಡಿಪುರ ಮೊದಲಾದ ಕಡೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಯನ್ನು ರಾಜ್ಯವೆಲ್ಲ ಓದಿತು.

ಲೆಕ್ಕ ನೋಡಿ. ವರ್ಷಕ್ಕೆ ನೂರಕ್ಕೆ 24ರ ಬಡ್ಡಿಗೆ 50,000 ರೂಪಾಯಿಯನ್ನು ಎರಡು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 2,640. ಮೂರು ಕಂಪನಿಯಿಂದ ತಂದರೆ 7,900ಕ್ಕೂ ಮೇಲೆ. ಅರಿಶಿನ ನಾಟಿ ಮಾಡಿ ಕಿತ್ತು, ಬೇಯಿಸಿ, ಒಣಗಿಸಿ ಮಾರುವ ಹೊತ್ತಿಗೆ ಒಂಬತ್ತು ತಿಂಗಳು ದಾಟುತ್ತದೆ. ಬೆಳೆಯ ಒಂದು ಕಾಸು ಕೈಗೆ ಬರುವ ಮೊದಲೇ 71,000 ಕಟ್ಟಿರಬೇಕು. ಎಲ್ಲಿಂದ? ತಂದ ಸಾಲದಲ್ಲೇ, ಇಲ್ಲವೇ ನಾಲ್ಕನೇ ಸಾಲ ತಂದು. ಭೂಮಿ ವಾರವಾರ ಫಸಲು ಕೊಡುವುದಿಲ್ಲ. ಮುಸುಕಿನ ಜೋಳಕ್ಕೆ ಆನೆ ನುಗ್ಗಿದರೆ ಆ ವರ್ಷ ಅದೂ ಇಲ್ಲ. ಆಮೇಲೆ ಮೀಟರ್ ಬಡ್ಡಿಯವನ ಮನೆ. ತಿಂಗಳಿಗೆ ನೂರಕ್ಕೆ ಹತ್ತು ಎಂದರೆ ವರ್ಷಕ್ಕೆ 120, ಅಸಲಿಗಿಂತ ಬಡ್ಡಿಯೇ ದೊಡ್ಡದು. (ಬೆಳೆಗೆ ಬೆಲೆ ಸಿಕ್ಕಿದ್ದರೆ ಇದನ್ನೆಲ್ಲ ಬರೆಯಬೇಕಾಗಿರಲಿಲ್ಲ, ಆ ಮಾತು ಬೇರೆ.)

ಕಾನೂನು ಇಲ್ಲವೆಂದಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಎಂದೇ ಬರೆದಿದೆ. ಎಲ್ಲ ಸಾಲದ ಕಂತು ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ಹೀಗಿರುವಾಗ "ಅದು ಅವಳ ಸಾಲ" ಎನ್ನಲು ನಮಗೆ ಬಾಯಿ ಹೇಗೆ ಬರುತ್ತದೆ? ಇನ್ನೊಂದು, ವಸೂಲಿಗೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ. ಗೊತ್ತುಮಾಡಿದ ಜಾಗಕ್ಕೆ ಸಾಲ ಪಡೆದವರು ಒಂದರ ಹಿಂದೊಂದು ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು.

2025ರ ಫೆಬ್ರವರಿ 12ರಂದು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದಿತು. ಅದನ್ನು ಓದಿ ಕೆಲವರು "ಇನ್ನು ಕಟ್ಟಂಗಿಲ್ಲ ಬುಡಿ" ಅಂತ ತಿರುಗಾಡಿದರು. ಮೋಸ ಹೋಗಬೇಡಿ. ಸಾಲ ಮನ್ನಾ ಮಾತು ನೋಂದಣಿಯಿಲ್ಲದೆ ಸಾಲ ಕೊಟ್ಟವರಿಗೆ ಸಂಬಂಧಿಸಿದ್ದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲ ಹಾಗೇ ಉಳಿಯುತ್ತದೆ.

ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಎಂದು 2023ರಲ್ಲಿ ಸರ್ಕಾರ ಘೋಷಿಸಿತು. ನಿಮ್ಮ ಸೊಸೈಟಿಯಲ್ಲಿ ಅದು ಯಾರಿಗೆ ಸಿಕ್ಕಿದೆ? ಪ್ರತಿ ವರ್ಷ ಅವೇ ಹತ್ತು ಮುಖಗಳಿಗೆ. ಸಂಘದ ಮಹಾಸಭೆಯಲ್ಲಿ ಎದ್ದು ನಿಂತು ಪಟ್ಟಿ ಓದಿಸಿ. ಪೌತಿ ಖಾತೆ ಆಗದವರು ಈ ಬೇಸಿಗೆಯಲ್ಲೇ ಅರ್ಜಿ ಕೊಡಿ, ಅಣ್ಣತಮ್ಮಂದಿರ ಜಗಳ ಆಮೇಲೆ ನೋಡಿಕೊಳ್ಳೋಣ.

ಮುಂದಿನ ಸಭೆಗೆ ಗಂಡಸರಷ್ಟೇ ಬಂದು ಕೂರಬೇಡಿ. ಮನೆಯವರನ್ನೂ ಕರೆತನ್ನಿ, ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟ ಕಂತಿನ ಪುಸ್ತಕಗಳನ್ನೂ ತನ್ನಿ. ಎಷ್ಟು ಕಂಪನಿ, ಎಷ್ಟು ಬಾಕಿ, ಯಾವ ಬಡ್ಡಿ ಎಂದು ಅವರ ಬಾಯಿಂದಲೇ ಕೇಳಿ ಒಂದೇ ಹಾಳೆಯಲ್ಲಿ ಬರೆಯೋಣ.