ಬೆಟ್ಟ ಅಗೆದರೂ ಇಲಿ ಸಿಗಲಿಲ್ಲ: ಇರಾಕ್ ಯುದ್ಧದ ‘ಸಾಕ್ಷ್ಯ’ ಎಷ್ಟು ಗಟ್ಟಿ?

ಕಾಸರಗೋಡು: ಗಲ್ಫ್‌ನಲ್ಲಿ ಯುದ್ಧವೆಂದರೆ ಇಲ್ಲಿಯವರಿಗೆ ಅದು ದೂರದ ಸುದ್ದಿಯಲ್ಲ. 1990ರಲ್ಲಿ ಸದ್ದಾಂ ಹುಸೇನ್ ಸೇನೆ ಕುವೈತಿಗೆ ನುಗ್ಗಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಆದ್ದರಿಂದ 2003ರ ಇರಾಕ್ ಯುದ್ಧಕ್ಕೆ ಕೊಟ್ಟ ಕಾರಣ ಸರಿಯಿತ್ತೇ ಎಂಬ ಪ್ರಶ್ನೆ ಗಲ್ಫ್ ನಂಬಿದ ಊರುಗಳಿಗೂ ಸಂಬಂಧಪಟ್ಟದ್ದೇ.

ಸದ್ದಾಂ ಮೇಲಿನ ಗುಮಾನಿ ಸುಮ್ಮನೆ ಹುಟ್ಟಿದ್ದಲ್ಲ. 1988ರಲ್ಲಿ ಹಲಬ್ಜಾದಲ್ಲಿ ಕುರ್ದ್ ಜನರ ಮೇಲೆ ವಿಷಾನಿಲ ಸುರಿದದ್ದು ಅವರ ಸರಕಾರವೇ. ಬಳಿಕ ವಿಶ್ವಸಂಸ್ಥೆಯ ತಪಾಸಕರಿಂದ ಜೈವಿಕ ಅಸ್ತ್ರ ಯೋಜನೆಯನ್ನು ಬಚ್ಚಿಟ್ಟದ್ದೂ ಹೌದು. ಹಿಂದೆ ಮಾಡಿದವರು ಮುಂದೆಯೂ ಮಾಡಿಯಾರು, ಕಾದು ಕೂತರೆ ತಡವಾದೀತು ಎಂಬುದು ಯುದ್ಧ ಬೇಕೆಂದವರ ವಾದ.

ಆದರೆ ಹಳೇ ಅಪರಾಧ ಹೊಸ ಅಪರಾಧಕ್ಕೆ ಸಾಕ್ಷಿ ಆಗಲಿಕ್ಕಿಲ್ಲ. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಲಾರಿ ಮೇಲಿನ ಜೈವಿಕ ಅಸ್ತ್ರ ಪ್ರಯೋಗಾಲಯಗಳ ಚಿತ್ರ ತೋರಿಸಿದರು. ಅದಕ್ಕೆ ಮುಖ್ಯ ಆಧಾರ ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ, ‘ಕರ್ವ್‌ಬಾಲ್’ ಗುಪ್ತನಾಮದ ಇರಾಕಿಯೊಬ್ಬನ ಹೇಳಿಕೆ. ಯುದ್ಧಕ್ಕೆ ಮೊದಲು ಅವನನ್ನು ನೇರ ವಿಚಾರಿಸಲು ಸಿಐಎಗೆ ಅವಕಾಶವೇ ಸಿಕ್ಕಿರಲಿಲ್ಲ. ತಾನು ಹೇಳಿದ್ದು ಸುಳ್ಳೆಂದು ಆತ 2011ರಲ್ಲಿ ಒಪ್ಪಿಕೊಂಡ.

ಇರಾಕ್ ತರಿಸಿದ ಅಲ್ಯುಮಿನಿಯಂ ಕೊಳವೆಗಳು ಅಣುಬಾಂಬಿಗೆಂದು ಹೇಳಲಾಗಿತ್ತು. ಅಮೆರಿಕದ ಇಂಧನ ಇಲಾಖೆಯ ತಜ್ಞರೇ ಇದನ್ನು ಒಪ್ಪಿರಲಿಲ್ಲ. ನೈಜರ್‌ನಿಂದ ಯುರೇನಿಯಂ ಖರೀದಿಯ ಕಾಗದಪತ್ರ ಅಸಲಿಯಲ್ಲವೆಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಎಲ್‌ಬರದೈ ಮಾರ್ಚ್ 7ರಂದು ಹೇಳಿದರು. ಅದೇ ದಿನ ತಪಾಸಕರ ಮುಖ್ಯಸ್ಥ ಹ್ಯಾನ್ಸ್ ಬ್ಲಿಕ್ಸ್, ಕೆಲಸ ಮುಗಿಸಲು ವರ್ಷಗಳೂ ಬೇಡ, ವಾರಗಳೂ ಸಾಲವು, ತಿಂಗಳುಗಳು ಬೇಕು ಎಂದರು. ಹದಿಮೂರೇ ದಿನದಲ್ಲಿ ಬಾಂಬು ಬಿತ್ತು.

ಅಮೆರಿಕವೇ ನೇಮಿಸಿದ ತಂಡ ಇಡೀ ಇರಾಕ್ ಜಾಲಾಡಿತು. ಅಸ್ತ್ರಗಳ ದಾಸ್ತಾನು ಇಲ್ಲವೆಂದು 2004ರಲ್ಲಿ ವರದಿ ಕೊಟ್ಟಿತು. ಲಕ್ಷಕ್ಕೂ ಮಿಕ್ಕಿ ಇರಾಕಿ ನಾಗರಿಕರು ಸತ್ತರು.

ಸರ್ವಾಧಿಕಾರಿ ತೊಲಗಿದನಲ್ಲ ಎನ್ನುವವರಿದ್ದಾರೆ. ಆದರೆ ಭದ್ರತಾ ಮಂಡಳಿಯಲ್ಲಿ ಮುಂದಿಟ್ಟದ್ದು ಅಸ್ತ್ರದ ಕಾರಣ. ಅದು ಬಿದ್ದುಹೋದ ಮೇಲೆ ಬೇರೆ ಕಾರಣ ತಂದು ಆನಿಸಿದರೆ ಲೆಕ್ಕ ಸರಿಹೋಗದು.

ಗುಪ್ತಚರರು ಎಡವುವುದು ಹೊಸತಲ್ಲ. ಇಲ್ಲಿ ಆದ ದೊಡ್ಡ ತಪ್ಪೇ ಬೇರೆ. ‘ಇರಬಹುದು’ ಎಂದಿದ್ದದ್ದು ಜನರ ಮುಂದೆ ಬರುವಾಗ ‘ಇದೆ’ ಎಂದಾಯಿತು. ಇಲ್ಲದ ಖಚಿತತೆಯನ್ನು ತೋರಿಸಲಾಯಿತು, ಯುದ್ಧ ಕೊನೆಯ ದಾರಿಯಾಗಿರಲಿಲ್ಲ ಎಂದು 2016ರಲ್ಲಿ ಬ್ರಿಟನ್ನಿನ ಚಿಲ್ಕಾಟ್ ವರದಿಯೂ ಹೇಳಿತು.

ಭಾರತ ಆಗ ದುಡುಕಲಿಲ್ಲ. 2003ರ ಏಪ್ರಿಲ್‌ನಲ್ಲಿ ಲೋಕಸಭೆ ದಾಳಿಯನ್ನು ಖಂಡಿಸಿತು. ಸೇನೆ ಕಳಿಸಿ ಎಂಬ ಅಮೆರಿಕದ ಕೋರಿಕೆಗೆ ಜುಲೈಯಲ್ಲಿ ವಾಜಪೇಯಿ ಸರಕಾರ ಒಪ್ಪಲಿಲ್ಲ. ಮುಂದೆ ಯಾವ ದೇಶ ಗುಪ್ತ ವರದಿ ಹಿಡಿದು ಯುದ್ಧಕ್ಕೆ ಹೊರಟರೂ ಕೇಳಬೇಕಾದ್ದಿಷ್ಟೇ: ಒಪ್ಪದ ತಜ್ಞರು ಏನೆಂದರು? ತಪಾಸಣೆ ಮುಗಿಯಿತೇ?